ತರಬೇತಿ ಹಾರಾಟದ ನಕ್ಷೆಯನ್ನು ಓದುವುದು ಹೇಗೆ?

ಮಗಳನ್ನೋ ಮಗನನ್ನೋ ವಿಮಾನ ಚಾಲನೆ ಕಲಿಯಲು ಕಳಿಸಿದ ಮನೆಗಳಲ್ಲಿ ಈಗ ಒಂದು ಹೊಸ ರೂಢಿ ಬಂದಿದೆ. ಇವತ್ತು ಹಾರಾಟ ಇದೆ ಎಂದು ತಿಳಿದರೆ ಸಾಕು, ತಂದೆ ತಾಯಿ ಫೋನಿನಲ್ಲಿ ಫ್ಲೈಟ್‌ರೇಡಾರ್24 ತೆರೆದು ಕೂರುತ್ತಾರೆ. ಪುಟ್ಟ ಹಳದಿ ವಿಮಾನ ರನ್‌ವೇ ಸುತ್ತ ತಿರುಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಅದು ಮಾಯವಾಗುತ್ತದೆ. ಮನೆಯವರ ಎದೆ ಧಸಕ್ಕೆನ್ನುತ್ತದೆ. ಹತ್ತು ನಿಮಿಷದ ನಂತರ ಮಗಳೇ ಫೋನ್ ಮಾಡಿ "ಇಳಿದೆ" ಎನ್ನುತ್ತಾಳೆ. ಆ ಹತ್ತು ನಿಮಿಷದ ಸಂಕಟಕ್ಕೆ ಕಾರಣ ವಿಮಾನವಲ್ಲ, ನಕ್ಷೆ.

2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಬೆಳಗಾವಿ, ಕಲಬುರಗಿ, ಜಳಗಾಂವ, ಖಜುರಾಹೊ ಮತ್ತು ಲೀಲಾಬರಿ ನಿಲ್ದಾಣಗಳಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟಿತು. ಅಕ್ಕಲಕೋಟೆ, ಸೊಲ್ಲಾಪುರ ಮತ್ತು ತೆಲಂಗಾಣದ ಪಶ್ಚಿಮ ಅಂಚಿನವರಿಗೆ ಕಲಬುರಗಿ ಹತ್ತಿರ, ಜತ್ ಕಡೆಯವರಿಗೆ ಬೆಳಗಾವಿ ಹತ್ತಿರ. ಹೊಸೂರಿನವರಿಗೆ ಬೆಂಗಳೂರಿನ ಜಕ್ಕೂರು ಮೊದಲಿನಿಂದಲೂ ಪರಿಚಿತ. ಆದ್ದರಿಂದ ಈ ವಿಷಯ ನಮ್ಮ ಸದಸ್ಯರ ಮನೆಬಾಗಿಲಿಗೇ ಬಂದಿದೆ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಡಿಜಿಸಿಎ ಕೇಳುವುದು 200 ಗಂಟೆಗಳ ಹಾರಾಟ. ಒಟ್ಟು ಖರ್ಚು ಹತ್ತಾರು ಲಕ್ಷ, ಹೆಚ್ಚಿನ ಮನೆಗಳಲ್ಲಿ ಅದು ಸಾಲದ ಹಣ. ಒಂದೊಂದು ಗಂಟೆಯಿಂದಲೂ ಎಷ್ಟು ಕಲಿಕೆ ಹುಟ್ಟುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಹಾರಾಟವನ್ನು ನೆಲಕ್ಕಿಳಿದ ಮೇಲೆ ಮತ್ತೆ ತೆರೆದು ನೋಡಲು ನೆರವಾಗುವ ಡಿಜಿಟಲ್ ನಕ್ಷೆಗಳು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಆದರೆ ಅವು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎಂಬುದು ಗೊತ್ತಿರಬೇಕು.

ಗೆರೆ ಬರುವುದು ಎಲ್ಲಿಂದ?

ನಕ್ಷೆಯ ಮೇಲೆ ಕಾಣುವ ಹಾರಾಟದ ಗೆರೆಗೆ ಮುಖ್ಯವಾಗಿ ಮೂರು ಮೂಲಗಳಿವೆ. ಮೂರೂ ಬೇರೆ ಬೇರೆ ಜಾತಿಯವು.

ಮೊದಲನೆಯದು ಎಡಿಎಸ್-ಬಿ. ವಿಮಾನದಲ್ಲಿರುವ ಸಾಧನವೊಂದು ತನ್ನ ಸ್ಥಾನ, ಎತ್ತರ, ವೇಗಗಳನ್ನು 1090 ಮೆಗಾಹರ್ಟ್ಸ್ ತರಂಗದಲ್ಲಿ ಸಾರುತ್ತಲೇ ಇರುತ್ತದೆ. ನೆಲದ ಮೇಲೆ ಯಾರೋ ಇಟ್ಟ ರಿಸೀವರ್ ಅದನ್ನು ಹಿಡಿದು ಅಂತರ್ಜಾಲಕ್ಕೆ ಕೊಡುತ್ತದೆ. ಫ್ಲೈಟ್‌ರೇಡಾರ್24ರಂಥ ತಾಣಗಳು ತೋರಿಸುವುದು ಹೆಚ್ಚಾಗಿ ಇದನ್ನೇ. ಈ ತರಂಗ ನೇರ ದೃಷ್ಟಿಯಲ್ಲಿ ಮಾತ್ರ ಸಾಗುತ್ತದೆ. ವಿಮಾನ ನೆಲದಿಂದ 1,000 ಅಡಿ ಎತ್ತರದಲ್ಲಿದ್ದರೆ, ಬಯಲಿನಲ್ಲಿಯೂ ಸುಮಾರು 70 ಕಿ.ಮೀ. ಒಳಗೆ ರಿಸೀವರ್ ಇರಬೇಕು. 100 ಅಡಿಗೆ ಇಳಿದರೆ ಆ ದೂರ 23 ಕಿ.ಮೀ.ಗೆ ಕುಗ್ಗುತ್ತದೆ. ನಡುವೆ ಗುಡ್ಡವಿದ್ದರೆ ಇನ್ನೂ ಕಡಿಮೆ. ತರಬೇತಿ ವಿಮಾನ ಹಾರುವುದೇ ಕೆಳಗೆ, ಊರಾಚೆಯ ಬಯಲಿನಲ್ಲಿ. ಹಾಗಾಗಿ ಅದು ನಕ್ಷೆಯಿಂದ ಮಾಯವಾಗುವುದು ದಿನನಿತ್ಯದ ಸಂಗತಿ. ಇಳಿಯುವಾಗ ಮಾಯವಾಗುವುದಂತೂ ಸಹಜವೇ. ಕೆಲವೊಮ್ಮೆ ತಾಣವು ಸಂಕೇತ ಸಿಕ್ಕ ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದುಬಿಡುತ್ತದೆ. ಆ ಗೆರೆಯ ಮೇಲೆ ವಿಮಾನ ಹಾರಿಯೇ ಇರುವುದಿಲ್ಲ. ಹಳೆಯ ತರಬೇತಿ ವಿಮಾನಗಳಲ್ಲಿ ಈ ಸಾಧನವೇ ಇಲ್ಲದಿರಲೂಬಹುದು. ಮನೆಯವರು ನಕ್ಷೆ ನೋಡಿ ಗಾಬರಿಯಾಗುವ ಬದಲು, ಹಾರಾಟ ಮುಗಿಯುವ ಅಂದಾಜು ಹೊತ್ತನ್ನು ಮೊದಲೇ ಕೇಳಿಟ್ಟುಕೊಂಡು, ಅದು ಮೀರಿದರೆ ಶಾಲೆಯ ಆಪರೇಷನ್ಸ್ ಕೊಠಡಿಗೆ ಫೋನ್ ಮಾಡುವುದು ಸರಿಯಾದ ದಾರಿ.

ಎರಡನೆಯದು ವಿದ್ಯಾರ್ಥಿಯ ಫೋನ್ ಅಥವಾ ಟ್ಯಾಬ್ಲೆಟ್‌ನ ಜಿಪಿಎಸ್ ದಾಖಲೆ. ಫೋರ್‌ಫ್ಲೈಟ್, ಸ್ಕೈಡೆಮನ್, ಕ್ಲೌಡ್‌ಅಹಾಯ್ ಮುಂತಾದ ಅಪ್ಲಿಕೇಶನ್‌ಗಳು ಹೀಗೆ ದಾಖಲಿಸುತ್ತವೆ. ಸಾಮಾನ್ಯವಾಗಿ ಈ ದಾಖಲೆಯನ್ನು ಜಿಪಿಎಕ್ಸ್ ಅಥವಾ ಕೆಎಂಎಲ್ ಫೈಲ್ ಆಗಿ ಹೊರತೆಗೆದು ಗೂಗಲ್ ಅರ್ತ್‌ನಲ್ಲಿ ಉಚಿತವಾಗಿ ನೋಡಬಹುದು. ಕಲಿಯುವವರಿಗೆ ಸುಲಭಕ್ಕೆ ಸಿಗುವುದು ಇದೇ. ವಿಮಾನದೊಳಗೆ ಫೋನ್ ಇಡುವ ಬಗ್ಗೆ ಶಾಲೆಯ ನಿಯಮವೇನೆಂದು ಮೊದಲು ಕೇಳಿಕೊಳ್ಳಬೇಕು. ಕಾಲ ಬುಡದಲ್ಲಿ, ರಡರ್ ಪೆಡಲ್ ಹತ್ತಿರ ಜಾರಿಬಿದ್ದ ಫೋನು ದೊಡ್ಡ ಅಪಾಯ. ಬ್ಯಾಗಿನಲ್ಲಿ ಜಿಪ್ ಹಾಕಿಟ್ಟರೂ ಸಾಮಾನ್ಯವಾಗಿ ದಾಖಲೆ ಆಗುತ್ತದೆ.

ಮೂರನೆಯದು ವಿಮಾನದ್ದೇ ದಾಖಲೆ. ಗಾರ್ಮಿನ್ ಜಿ1000ದಂಥ ಪರದೆಗಳಿರುವ ಸೆಸ್ನಾ 172 ಅಥವಾ ಡೈಮಂಡ್ ಡಿಎ40 ವಿಮಾನದಲ್ಲಿ ಎಸ್‌ಡಿ ಕಾರ್ಡ್ ಹಾಕಿದ್ದರೆ ಪ್ರತಿ ಸೆಕೆಂಡಿಗೆ ಒಂದು ಸಾಲಿನಂತೆ ದತ್ತಾಂಶ ಬರೆದುಕೊಳ್ಳುತ್ತದೆ. ಸ್ಥಾನ, ಎತ್ತರ ಮಾತ್ರವಲ್ಲ, ಗಾಳಿಯಲ್ಲಿನ ವೇಗ, ವಾಲಿದ ಕೋನ, ಮೂಗಿನ ಏರಿಳಿತ, ಎಂಜಿನ್ನಿನ ಆರ್‌ಪಿಎಂ, ಇಂಧನದ ಹರಿವು ಎಲ್ಲವೂ ಅದರಲ್ಲಿರುತ್ತವೆ. ಮೂರರಲ್ಲಿ ಹೆಚ್ಚು ಹೇಳುವುದು ಇದೇ. ಹಳೆಯ ಸೆಸ್ನಾ 152ರಲ್ಲಿ ಕಲಿಯುವವರಿಗೆ ಈ ಭಾಗ್ಯವಿಲ್ಲ.

ವಿಮಾನ ನೆಲದೊಳಗೆ ಹಾರಿದ ಹಾಗೆ ಕಂಡರೆ

ಎತ್ತರದ ವಿಷಯದಲ್ಲಿ ಗೊಂದಲ ಹೆಚ್ಚು. ದಕ್ಷಿಣ ಭಾರತದಲ್ಲಿ ಇದಕ್ಕೆ ಒಂದು ವಿಶೇಷ ಕಾರಣವೂ ಇದೆ.

ಜಿಪಿಎಸ್ ಎತ್ತರವನ್ನು ಅಳೆಯುವುದು ಸಮುದ್ರಮಟ್ಟದಿಂದಲ್ಲ, ಭೂಮಿಯ ಆಕಾರಕ್ಕೆ ಗಣಿತದಿಂದ ಹೊಂದಿಸಿದ ಒಂದು ನುಣುಪಾದ ಕಲ್ಪಿತ ಮೇಲ್ಮೈಯಿಂದ. ನಿಜವಾದ ಸಮುದ್ರಮಟ್ಟ ಗುರುತ್ವದ ಹೆಚ್ಚುಕಡಿಮೆಗೆ ತಕ್ಕಂತೆ ಆ ಮೇಲ್ಮೈಗಿಂತ ಮೇಲೆ ಕೆಳಗೆ ಆಗುತ್ತದೆ. ಈ ವ್ಯತ್ಯಾಸ ಜಗತ್ತಿನಲ್ಲೇ ಅತಿ ಹೆಚ್ಚು ತಗ್ಗಿರುವುದು ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ, ನೂರು ಮೀಟರಿಗೂ ಮಿಕ್ಕಿ. ಬೆಂಗಳೂರಿನ ಸುತ್ತ ಅದು ಸುಮಾರು 85 ಮೀಟರ್. ಹಾಗಾಗಿ ತಿದ್ದುಪಡಿ ಮಾಡದ ಜಿಪಿಎಸ್ ಎತ್ತರ ನಮ್ಮ ಕಡೆ ನಿಜಕ್ಕಿಂತ ಸುಮಾರು 280 ಅಡಿ ಕಡಿಮೆ ತೋರಿಸುತ್ತದೆ. ಆಂಡ್ರಾಯ್ಡ್ ಫೋನು ಅಪ್ಲಿಕೇಶನ್‌ಗಳಿಗೆ ಮೂಲದಲ್ಲಿ ಕೊಡುವುದು ಈ ತಿದ್ದದ ಎತ್ತರವನ್ನೇ. ತಿದ್ದುವುದು ಅಪ್ಲಿಕೇಶನ್ನಿನ ಕೆಲಸ. ಅದು ತಿದ್ದದಿದ್ದರೆ ಗೂಗಲ್ ಅರ್ತ್‌ನಲ್ಲಿ ವಿಮಾನ ರನ್‌ವೇಗೆ ಬರುವ ಮೊದಲೇ ನೆಲದೊಳಗೆ ಹೊಕ್ಕಂತೆ ಕಾಣುತ್ತದೆ. ಇದನ್ನು ಗುರುತಿಸಲು ಸುಲಭ ಉಪಾಯ: ವಿಮಾನ ಇನ್ನೂ ನಿಲುಗಡೆಯಲ್ಲಿದ್ದಾಗಿನ ಎತ್ತರವನ್ನು ನೋಡಿ, ನಿಲ್ದಾಣದ ಅಧಿಕೃತ ಎತ್ತರದ ಜೊತೆ ಹೋಲಿಸಿ. ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಇಡೀ ಹಾರಾಟಕ್ಕೆ ಸೇರಿಸಿ ಓದಿದರೆ ಆಯಿತು.

ಎಡಿಎಸ್-ಬಿಯಲ್ಲಿ ತೊಂದರೆ ಬೇರೆ. ಅದು ಸಾರುವ ಎತ್ತರ ಗಾಳಿಯ ಒತ್ತಡದಿಂದ ಬಂದದ್ದು, ಅದೂ 1013.25 ಹೆಕ್ಟೋಪಾಸ್ಕಲ್ ಎಂಬ ಪ್ರಮಾಣಿತ ಒತ್ತಡವನ್ನು ಆಧಾರ ಮಾಡಿಕೊಂಡು. ಆ ದಿನದ ನಿಜವಾದ ಒತ್ತಡ ಬೇರೆ ಇರುತ್ತದೆ. ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ. ಮಳೆಗಾಲದ ಒಂದು ದಿನ ಸಮುದ್ರಮಟ್ಟದ ಒತ್ತಡ 1005 ಇದೆ ಎಂದುಕೊಳ್ಳಿ. ವಿದ್ಯಾರ್ಥಿ ತನ್ನ ಆಲ್ಟಿಮೀಟರಿಗೆ 1005 ಹೊಂದಿಸಿ ಸರಿಯಾಗಿ 2,500 ಅಡಿಯಲ್ಲಿ ಹಾರುತ್ತಿದ್ದರೂ ನಕ್ಷೆ 2,700ಕ್ಕೂ ಹೆಚ್ಚು ತೋರಿಸುತ್ತದೆ. "ಹೇಳಿದ ಎತ್ತರ ಕಾಯಲಿಲ್ಲ" ಎಂದು ಇದನ್ನು ನೋಡಿ ಬೈದರೆ ಅನ್ಯಾಯ.

ಸ್ಥಾನದ ನಿಖರತೆಯಲ್ಲಿ ಇಷ್ಟು ತೊಂದರೆಯಿಲ್ಲ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆ ಜಿಪಿಎಸ್‌ನ ದೋಷಗಳನ್ನು ಲೆಕ್ಕಹಾಕಿ ಉಪಗ್ರಹದ ಮೂಲಕ ತಿದ್ದುಪಡಿ ಕಳಿಸುತ್ತದೆ. ಅದರ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಅದನ್ನು ಬಳಸಬಲ್ಲ ರಿಸೀವರ್ ಇದ್ದರೆ ಗೆರೆ ಇನ್ನಷ್ಟು ನಿಖರ.

ಸರ್ಕ್ಯೂಟ್ ಎಂಬ ಆಯತ

ತರಬೇತಿಯ ದೊಡ್ಡ ಪಾಲು ರನ್‌ವೇ ಸುತ್ತಲಿನ ಸರ್ಕ್ಯೂಟ್‌ನಲ್ಲೇ ಕಳೆಯುತ್ತದೆ. ಏರಿ, ಎಡಕ್ಕೆ ತಿರುಗಿ, ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಹಾರಿ, ಮತ್ತೆ ಎಡಕ್ಕೆ ತಿರುಗಿ, ಕೊನೆಯ ತಿರುವಿನಲ್ಲಿ ರನ್‌ವೇಗೆ ನೇರವಾಗಿ ಇಳಿಯುವುದು. ಸಾಮಾನ್ಯವಾಗಿ ನೆಲದಿಂದ 1,000 ಅಡಿ ಎತ್ತರದಲ್ಲಿ. ಸಮಾನಾಂತರದ ಭಾಗ ಡೌನ್‌ವಿಂಡ್, ಅದರ ನಂತರದ್ದು ಬೇಸ್, ಕೊನೆಯದು ಫೈನಲ್. ಮೇಲಿನಿಂದ ನೋಡಿದರೆ ಅದೊಂದು ಆಯತ.

ನಕ್ಷೆಯ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿಯೇ. ಒಂದು ಸಾಮಾನ್ಯ ತಪ್ಪನ್ನು ತೆಗೆದುಕೊಳ್ಳೋಣ. ಬೇಸ್‌ನಿಂದ ಫೈನಲ್‌ಗೆ ತಿರುಗುವಾಗ ವಿಮಾನ ರನ್‌ವೇಯ ನೇರವನ್ನು ದಾಟಿ ಆಚೆಗೆ ಹೋಗುತ್ತದೆ. ವಿದ್ಯಾರ್ಥಿಗೆ ಕಾಣುವುದು ಇಷ್ಟೇ: "ತಿರುವು ತಡವಾಯಿತು." ಬೋಧಕರೂ ಕಾಕ್‌ಪಿಟ್‌ನಲ್ಲಿ "ಬೇಗ ತಿರುಗು" ಎಂದಿರುತ್ತಾರೆ. ನೆಲದ ಮೇಲೆ ಕುಳಿತು ಗೆರೆಯನ್ನು ಹಿಂದಕ್ಕೆ ನೋಡುತ್ತಾ ಹೋದರೆ ಕಥೆ ಬೇರೆಯೇ ಇರುತ್ತದೆ. ಡೌನ್‌ವಿಂಡ್ ಗೆರೆ ರನ್‌ವೇಗೆ ಸಮಾನಾಂತರವಾಗಿಲ್ಲ. ನಿಧಾನವಾಗಿ ರನ್‌ವೇ ಕಡೆಗೆ ಒರಗುತ್ತಾ ಬಂದಿದೆ. ಅಡ್ಡ ಗಾಳಿ 15 ನಾಟ್ ಇದ್ದು, ವಿದ್ಯಾರ್ಥಿ ವಿಮಾನದ ಮೂಗನ್ನು ಗಾಳಿಯ ಕಡೆಗೆ ತಿರುಗಿಸಿ ಹಿಡಿಯದಿದ್ದರೆ ಒಂದೇ ನಿಮಿಷದಲ್ಲಿ ವಿಮಾನ ಸುಮಾರು 460 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಬೇಸ್‌ಗೆ ಇರಬೇಕಾದ ಜಾಗ ಅಲ್ಲಿಗೇ ಮುಗಿಯಿತು. ಅದೇ ಗಾಳಿ ಬೇಸ್‌ನಲ್ಲಿ ಬೆನ್ನಿಗೆ ಬೀಸುತ್ತದೆ. 70 ನಾಟ್ ವೇಗದಲ್ಲಿ, 30 ಡಿಗ್ರಿ ವಾಲಿಸಿ 90 ಡಿಗ್ರಿ ತಿರುಗಲು ಸುಮಾರು 10 ಸೆಕೆಂಡು ಬೇಕು. ಆ 10 ಸೆಕೆಂಡಿನಲ್ಲಿ ಗಾಳಿ ವಿಮಾನವನ್ನು 77 ಮೀಟರ್ ತಳ್ಳುತ್ತದೆ. ದೊಡ್ಡ ನಿಲ್ದಾಣದ ರನ್‌ವೇ ಅಗಲವೇ 45 ಮೀಟರ್.

ಅಂದರೆ ತಪ್ಪು ಕಂಡದ್ದು ಕೊನೆಯ ತಿರುವಿನಲ್ಲಿ, ಹುಟ್ಟಿದ್ದು ಎರಡು ನಿಮಿಷ ಮೊದಲು. ಇದನ್ನು ತಿಳಿಯದೆ "ಬೇಗ ತಿರುಗು" ಎಂಬ ಪಾಠವನ್ನಷ್ಟೇ ಮನಸ್ಸಿಗೆ ತೆಗೆದುಕೊಂಡ ವಿದ್ಯಾರ್ಥಿ ಮುಂದಿನ ಸಲ ಗಾಳಿ ತಿರುಗಿದಾಗ ಮತ್ತೆ ಎಡವುತ್ತಾನೆ. ಇದು ಬರೀ ಅಂಕದ ಪ್ರಶ್ನೆಯೂ ಅಲ್ಲ. ದಾಟಿಹೋದ ರನ್‌ವೇಯನ್ನು ಹಿಡಿಯಲು ತಿರುವನ್ನು ಬಿಗಿ ಮಾಡಿ, ರಡರ್ ಒತ್ತಿ, ಮೂಗು ಎತ್ತಿ ಹಿಡಿಯುವುದು ಸಣ್ಣ ವಿಮಾನಗಳ ಮಾರಕ ಅಪಘಾತಗಳ ಹಳೆಯ ದಾರಿ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿದರೆ ವಿಮಾನ ಸ್ಟಾಲ್ ಆಗುವ ವೇಗ ಸುಮಾರು 19 ಶೇಕಡಾ ಏರುತ್ತದೆ, 60 ಡಿಗ್ರಿಗೆ 41 ಶೇಕಡಾ. ನೆಲ ಐನೂರು ಅಡಿ ಕೆಳಗಿರುವಾಗ ಸ್ಟಾಲ್‌ನಿಂದ ಚೇತರಿಸಿಕೊಳ್ಳಲು ಜಾಗವಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಇಳಿಯುವುದನ್ನು ಕೈಬಿಟ್ಟು ಮತ್ತೆ ಏರುವುದೇ ಸರಿ. ಇದನ್ನು ಗೋ-ಅರೌಂಡ್ ಎನ್ನುತ್ತಾರೆ. ನಕ್ಷೆಯಲ್ಲಿ ಅದು ರನ್‌ವೇ ಮೇಲೆ ಇಳಿಯದೆ ಹಾದುಹೋದ ಗೆರೆಯಾಗಿ ಕಾಣುತ್ತದೆ. ಮನೆಯಲ್ಲಿ ನೋಡುತ್ತಿರುವವರು "ಇವತ್ತು ಇಳಿಸಲು ಆಗಲಿಲ್ಲವೇ?" ಎಂದು ಕೇಳದಿರುವುದು ಒಳ್ಳೆಯದು. ಆ ಗೆರೆಯೇ ಆ ದಿನದ ಅತ್ಯುತ್ತಮ ತೀರ್ಮಾನ ಆಗಿರಬಹುದು.

ಪಕ್ಕನೋಟದ ಗ್ರಾಫ್ ಇಳಿಜಾರನ್ನು ತೋರಿಸುತ್ತದೆ. ಮೂರು ಡಿಗ್ರಿ ಇಳಿಜಾರು ಎಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂದು ಸಿಗುತ್ತದೆ: 65 ನಾಟ್‌ಗೆ ಸುಮಾರು 325 ಅಡಿ. ಸಣ್ಣ ವಿಮಾನಗಳು ಇದಕ್ಕಿಂತ ಕಡಿದಾಗಿ ಇಳಿಯುವುದೂ ಉಂಟು, ಅದು ತಪ್ಪಲ್ಲ. ಗ್ರಾಫಿನಲ್ಲಿ ನೋಡಬೇಕಾದ್ದು ಗೆರೆ ನೇರವಾಗಿದೆಯೇ, ಮೆಟ್ಟಿಲು ಮೆಟ್ಟಿಲಾಗಿದೆಯೇ ಎಂದು. ಮೆಟ್ಟಿಲಾಗಿದ್ದರೆ ವಿದ್ಯಾರ್ಥಿ ಥ್ರಾಟಲ್ ಜೊತೆ ಜಗಳವಾಡಿದ್ದಾನೆ.

ವೇಗದ ಬಗ್ಗೆ ಒಂದು ಎಚ್ಚರಿಕೆ. ಜಿಪಿಎಸ್‌ಗೆ ಗೊತ್ತಿರುವುದು ನೆಲದ ಮೇಲಿನ ವೇಗ, ರೆಕ್ಕೆಗೆ ಗೊತ್ತಿರುವುದು ಗಾಳಿಯಲ್ಲಿನ ವೇಗ. 15 ನಾಟ್ ಎದುರುಗಾಳಿಯಲ್ಲಿ ಸರಿಯಾಗಿ 65 ನಾಟ್‌ನಲ್ಲಿ ಇಳಿಯುತ್ತಿರುವ ವಿಮಾನವನ್ನು ನಕ್ಷೆ 50 ಎಂದು ತೋರಿಸುತ್ತದೆ. ವಿಮಾನದ್ದೇ ದಾಖಲೆ ಇಲ್ಲದಿದ್ದರೆ, ಆ ಹೊತ್ತಿನ ಗಾಳಿಯ ವರದಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ವೇಗದ ಬಗ್ಗೆ ತೀರ್ಪು ಕೊಡಬಾರದು.

ಅಂಕ ಹಾಕುವ ಯಂತ್ರ

ಕ್ಲೌಡ್‌ಅಹಾಯ್‌ನಂಥ ಉಪಕರಣಗಳು ಗೆರೆಯನ್ನು ತಾವೇ ತುಂಡು ಮಾಡಿ, ಇದು ಟೇಕಾಫ್, ಇದು ಕಡಿದಾದ ತಿರುವು, ಇದು ಲ್ಯಾಂಡಿಂಗ್ ಎಂದು ಗುರುತಿಸಿ ಅಂಕವನ್ನೂ ಕೊಡುತ್ತವೆ. ಅಳತೆಗೋಲು ಅಮೆರಿಕದ ಎಫ್‌ಎಎ ಪರೀಕ್ಷೆಯದು. ಅಲ್ಲಿ ಖಾಸಗಿ ಪೈಲಟ್ ಪರೀಕ್ಷೆಯ 45 ಡಿಗ್ರಿ ತಿರುವಿನಲ್ಲಿ ಎತ್ತರ 100 ಅಡಿ, ವೇಗ 10 ನಾಟ್, ವಾಲುವಿಕೆ 5 ಡಿಗ್ರಿಗಿಂತ ಆಚೀಚೆ ಆಗುವಂತಿಲ್ಲ. ಇಂಥ ಅಂಕಿಗಳು ಉಪಯುಕ್ತ. ಹತ್ತು ಹಾರಾಟಗಳ ಅಂಕಿಗಳನ್ನು ಸಾಲಾಗಿ ಇಟ್ಟರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ಆದರೆ ಬರೀ ಜಿಪಿಎಸ್ ದಾಖಲೆಯಿಂದ ವಾಲಿದ ಕೋನವನ್ನು ಲೆಕ್ಕಹಾಕಿ ಊಹಿಸುವುದು ಅಷ್ಟೇ, ಗಾಳಿ ಜೋರಿದ್ದರೆ ಊಹೆ ಕೆಡುತ್ತದೆ.

ಆಕಾರವನ್ನು ಓದುವಾಗಲೂ ಯಾವ ಅಭ್ಯಾಸ ಎಂಬುದು ಗೊತ್ತಿರಬೇಕು. ಒಂದೇ ಕೋನದಲ್ಲಿ ವಾಲಿಸಿ ಸುತ್ತುವ ತಿರುವು ಗಾಳಿಯಲ್ಲಿ ನಕ್ಷೆಯ ಮೇಲೆ ಎಳೆದ ಸುರುಳಿಯಂತೆ ಕಾಣುತ್ತದೆ, ಅದು ಹಾಗೇ ಇರಬೇಕು. ನೆಲದ ಮೇಲಿನ ಒಂದು ಮರವನ್ನೋ ಕೆರೆಯ ಮೂಲೆಯನ್ನೋ ನಡುವಿಟ್ಟುಕೊಂಡು ಸುತ್ತುವ ಅಭ್ಯಾಸದಲ್ಲಿ ಮಾತ್ರ ಗೆರೆ ದುಂಡಗಿರಬೇಕು, ಏಕೆಂದರೆ ಅಲ್ಲಿ ಗಾಳಿಗೆ ತಕ್ಕಂತೆ ವಾಲುವಿಕೆಯನ್ನು ಬದಲಿಸುವುದೇ ಪಾಠ. ಮೊದಲನೆಯದು ದುಂಡಗಿಲ್ಲವೆಂದು ಆಕ್ಷೇಪಿಸುವವರಿಗೆ ನಕ್ಷೆ ಓದಲು ಬಂದಿಲ್ಲ.

ನಕ್ಷೆಗೆ ಕಾಣದ ಸಂಗತಿಗಳ ಪಟ್ಟಿ ಇನ್ನೂ ದೊಡ್ಡದು. ವಿದ್ಯಾರ್ಥಿ ತಿರುಗುವ ಮೊದಲು ಕಿಟಕಿಯಾಚೆ ನೋಡಿದಳೇ? ಚೆಕ್‌ಲಿಸ್ಟ್ ಓದಿದಳೇ ಅಥವಾ ಬಾಯಿಪಾಠ ಒಪ್ಪಿಸಿದಳೇ? ಟವರ್ ಹೇಳಿದ್ದು ಅರ್ಥವಾಯಿತೇ, ಸುಮ್ಮನೆ "ರಾಜರ್" ಎಂದಳೇ? ಸುಂದರ ಗೆರೆ ಎಳೆದ ವಿದ್ಯಾರ್ಥಿ ಪೂರ್ತಿ ಹಾರಾಟದಲ್ಲಿ ಪರದೆಯಿಂದ ಕಣ್ಣೆತ್ತದೆ ಇದ್ದಿರಬಹುದು. ಅಂಕದ ಆಸೆಗೆ ಬಿದ್ದವರಲ್ಲಿ ಈ ರೋಗ ಬೇಗ ಹತ್ತುತ್ತದೆ. ಅದನ್ನು ಕಾಣುವುದು ಪಕ್ಕದ ಸೀಟಿನ ಬೋಧಕರ ಕಣ್ಣು ಮಾತ್ರ.

ದೂರದ ಹಾರಾಟ

ವಾಣಿಜ್ಯ ಲೈಸೆನ್ಸಿಗೆ ಬೇಕಾದ 200 ಗಂಟೆಗಳಲ್ಲಿ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ, ಅಂದರೆ ಸುಮಾರು 555 ಕಿ.ಮೀ.ಗಳ ಒಂದು ಹಾರಾಟವೂ ಸೇರಿದೆ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿಯಬೇಕು. ಇಲ್ಲಿ ಯೋಜಿಸಿದ ಗೆರೆ, ಹಾರಿದ ಗೆರೆ ಎರಡನ್ನೂ ಒಂದರ ಮೇಲೊಂದಿಟ್ಟು ನೋಡಬಹುದು. ಹಳೆಯ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಆಚೆ. 20 ಮೈಲಿ ಹೋಗುವಷ್ಟರಲ್ಲಿ 2 ಮೈಲಿ ಪಕ್ಕಕ್ಕೆ ಸರಿದಿದ್ದರೆ ತಪ್ಪು 6 ಡಿಗ್ರಿ. ಸರಿದದ್ದಕ್ಕಿಂತ ಮುಖ್ಯವಾದದ್ದು, ಸರಿದದ್ದು ಎಲ್ಲಿ ಗೊತ್ತಾಯಿತು ಎಂಬುದು. ಗೆರೆ ಬಾಗಿದ ಜಾಗವೇ ಅದನ್ನು ಹೇಳುತ್ತದೆ. ಆ ಜಾಗದ ಕೆಳಗೆ ರೈಲು ಹಳಿಯೋ ನದಿಯ ತಿರುವೋ ಇದ್ದರೆ ವಿದ್ಯಾರ್ಥಿ ನೆಲ ನೋಡಿ ದಾರಿ ಕಂಡುಕೊಂಡಿದ್ದಾಳೆ ಎಂದರ್ಥ. ಕಲಬುರಗಿ ಕಡೆಯಿಂದ ಹಾರುವವರಿಗೆ ಬೀದರ್ ವಾಯುಪಡೆ ನಿಲ್ದಾಣದ ಆಕಾಶ ಹತ್ತಿರದಲ್ಲೇ ಇರುವುದರಿಂದ, ಈ ಹೋಲಿಕೆ ಅಭ್ಯಾಸಕ್ಕಷ್ಟೇ ಅಲ್ಲ, ಶಿಸ್ತಿಗೂ ಬೇಕು.

ಲಾಗ್‌ಬುಕ್ಕಿನ ಪ್ರಶ್ನೆ

ಗೆರೆ ಒಂದು ದಾಖಲೆಯೂ ಹೌದು. 2011ರಲ್ಲಿ ನಕಲಿ ದಾಖಲೆ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳ ಪ್ರಕರಣ ದೇಶದಲ್ಲಿ ಹೊರಬಂದಾಗ, ಹಾರದ ಗಂಟೆಗಳನ್ನು ಹಾರಿದಂತೆ ಬರೆದ ವಿಷಯವೂ ತನಿಖೆಗೆ ಬಂತು. ಇಂದು ಲಾಗ್‌ಬುಕ್ ಡಿಜಿಸಿಎಯ ಇ-ಜಿಸಿಎ ತಾಣದಲ್ಲೂ ಇರುತ್ತದೆ. ವಿದ್ಯಾರ್ಥಿ ಪ್ರತಿ ಹಾರಾಟದ ಗೆರೆಯನ್ನು ದಿನಾಂಕ, ವಿಮಾನದ ನೋಂದಣಿ ಸಂಖ್ಯೆ ಸಮೇತ ತನ್ನ ಬಳಿ ಇಟ್ಟುಕೊಂಡರೆ ಮುಂದೆ ಯಾರಾದರೂ ಪ್ರಶ್ನಿಸಿದಾಗ ಕೈಯಲ್ಲಿ ಆಧಾರವಿರುತ್ತದೆ. ಆದರೆ ಎರಡು ಸಮಯಗಳು ಹೊಂದದಿದ್ದರೆ ಕೂಡಲೇ ಶಾಲೆಯ ಮೇಲೆ ಅನುಮಾನ ಬೇಡ. ಹಾರಾಟದ ಸಮಯ ಲೆಕ್ಕಕ್ಕೆ ಬರುವುದು ವಿಮಾನ ಹಾರಲೆಂದು ಮೊದಲು ಚಲಿಸಿದ ಕ್ಷಣದಿಂದ ಕೊನೆಗೆ ನಿಂತ ಕ್ಷಣದವರೆಗೆ. ಎಡಿಎಸ್-ಬಿ ಗೆರೆ ಗಾಳಿಯಲ್ಲಿದ್ದ ಹೊತ್ತನ್ನೂ ಪೂರ್ತಿ ತೋರಿಸದೆ ಇರಬಹುದು. ಹತ್ತಿಪ್ಪತ್ತು ನಿಮಿಷದ ವ್ಯತ್ಯಾಸ ಸಹಜ. ತಿಂಗಳುಗಟ್ಟಲೆ ಗೆರೆಯೇ ಇಲ್ಲದ ಹಾರಾಟಗಳು ಬರೆಯಲ್ಪಟ್ಟಿದ್ದರೆ ಆಗ ಕೇಳಬೇಕು.

ಬಳಸುವ ಕ್ರಮ

ಗೆರೆಯನ್ನು ಅಂದೇ, ನೆನಪು ಹಸಿಯಿರುವಾಗಲೇ ತೆರೆಯಬೇಕು. ಆದರೆ ತೆರೆಯುವ ಮೊದಲು ವಿದ್ಯಾರ್ಥಿ ಒಂದು ಖಾಲಿ ಹಾಳೆಯ ಮೇಲೆ ತಾನು ಹಾರಿದ್ದು ಹೀಗೆ ಎಂದು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಲಿ. ಗಾಳಿ ಎಲ್ಲಿಂದ ಬೀಸಿತು, ಎಲ್ಲಿ ಗೊಂದಲವಾಯಿತು, ಎಲ್ಲಿ ಭಯವಾಯಿತು ಎಂದು ಗುರುತು ಹಾಕಲಿ. ಆಮೇಲೆ ಪರದೆ ತೆರೆದು ಎರಡನ್ನೂ ಪಕ್ಕಪಕ್ಕ ಇಡಲಿ. ಪೆನ್ಸಿಲ್ ಗೆರೆ ನೇರವಿದ್ದು ಪರದೆಯ ಗೆರೆ ಸೊಟ್ಟಗಿರುವ ಜಾಗದ ಬಗ್ಗೆಯೇ ಬೋಧಕರ ಜೊತೆ ಮಾತಾಡಬೇಕು. ತಾನು ಮಾಡಿದ್ದು ತನಗೆ ಗೊತ್ತೇ ಆಗದ ಜಾಗ ಅದು. ಮೊದಲೇ ಪರದೆ ನೋಡಿಬಿಟ್ಟರೆ ಈ ಜಾಗ ಎಂದಿಗೂ ಸಿಗುವುದಿಲ್ಲ, ಏಕೆಂದರೆ ನೆನಪು ಪರದೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ.

ಒಂದು ಹಾರಾಟದಿಂದ ಎರಡು ಮೂರು ವಿಷಯಕ್ಕಿಂತ ಹೆಚ್ಚು ಎತ್ತಿಕೊಳ್ಳುವುದು ಬೇಡ. ಗೆರೆಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿ ಯಾರದ್ದು ಚೆಂದ ಎಂದು ಹೋಲಿಸುವುದಂತೂ ಬೇಡವೇ ಬೇಡ. ತಪ್ಪು ತೋರಿಸುವ ಗೆರೆಯನ್ನು ಮರುದಿನದಿಂದ ಯಾರೂ ತೆರೆಯುವುದಿಲ್ಲ.